ಕ್ವಾರ್ಟರ್ಸ್ ಅಜ್ಜಿಯ ದನಿ

ಟಿವಿಯೊಳಗಿಂದ ಅತ್ತೆಯ ದನಿ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದರು.

"ಗುಂಡೂ... ಕತ್ತಲಾಯ್ತು, ಒಳಗ್ ಬಾರೋ..."

"ಬಂತು, ಬಂತು! ಅಮ್ಮಾ, ಬೇಗ ಬಾ!" ಮೈದುನ ಸೋಫಾದ ಮೇಲೆ ಮಂಡಿಯೂರಿ ಕುಳಿತ.

"ನಾನು ಕೂಗಿದ್ದನ್ನ ನಾನೇ ಬಂದು ಕೇಳ್ಬೇಕಾ? ಮೊಟ್ಟೆ ಆರೋಗುತ್ತೆ," ಎಂದರು ಅತ್ತೆ. ಆದರೂ ತಟ್ಟೆ ಹಿಡಿದು ಬಾಗಿಲಿಗೆ ಬಂದು ನಿಂತರು.

ಸೊಸೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಮಗಳನ್ನು ಮನೆಯಲ್ಲಿ ಎಲ್ಲರೂ ಬಟಾಣಿ ಎನ್ನುತ್ತಿದ್ದರು. ಒಂದನೇ ತರಗತಿ, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಮಾವ ಟಿವಿಗೆ ಅರ್ಧ ಬೆನ್ನು ತಿರುಗಿಸಿ ದಪ್ಪ ಸೂಜಿಗೆ ದಾರ ಪೋಣಿಸುತ್ತಿದ್ದರು.

ಆ ದನಿ ಟಿವಿಗೆ ಹೋಗಿ ಮೂರು ವರ್ಷವಾಗಿತ್ತು. ಕಟ್ಟಡದ ಕೆಳಗಿನ ಕೋಣೆಯಲ್ಲಿ ಆಗ ಒಬ್ಬ ಸೌಂಡ್ ರೆಕಾರ್ಡಿಂಗ್‌ನವನು ಬಾಡಿಗೆಗಿದ್ದ. ಅತ್ತೆ ಮೂರನೇ ಮಹಡಿಯ ಬಾಲ್ಕನಿಯಿಂದ ಹಿರಿಯ ಮಗನನ್ನು ಊಟಕ್ಕೆ ಕೂಗುವುದನ್ನು ದಿನವೂ ಕೇಳುತ್ತಿದ್ದ. ಮಗನಿಗೆ ಆಗಲೇ ಈ ಸೊಸೆಯೊಡನೆ ಮದುವೆಯಾಗಿ ಬಟಾಣಿ ಹುಟ್ಟಿದ್ದಳು. ಕಡ್ಡಿಯಂಥ ಆಳು, ಗುಂಡು ಎಂಬ ಹೆಸರು ಮಾತ್ರ ತೊಟ್ಟಿಲಿನಿಂದ ಬಂದದ್ದು. "ಅಮ್ಮಾ, ಮಕ್ಕಳನ್ನ ಹೀಗೆ ಕರೆಯೋರು ಈಗ ಯಾರೂ ಇಲ್ಲ. ಇದರಲ್ಲಿ ಒಂದ್ಸಲ ಕೂಗಿ," ಎಂದು ಅವನು ಮೈಕು ತಂದ. ಬರಿಯ ಮೈಕಿಗೆ ಕೂಗಲು ಅತ್ತೆಗೆ ಬರಲಿಲ್ಲ. ಗುಂಡುವನ್ನು ಕೆಳಗೆ ಅಂಗಳದಲ್ಲಿ ನಿಲ್ಲಿಸಿದ ಮೇಲೆ ಬಂತು.

ಅವನು ರೆಕಾರ್ಡ್ ಮಾಡಿದ್ದು ಹಳೆಯ ಕಾಲದ ಕಥೆಯ ಒಂದು ಟಿವಿ ಸೀರೀಸಿಗೆ. ಸಾಲು ಕ್ವಾರ್ಟರ್ಸು, ರೇಡಿಯೊ, ಸೈಕಲ್ ಟೈರು ಓಡಿಸುವ ಹುಡುಗರು, ಸಂಜೆಯಾದರೆ ಅವರನ್ನು ಊಟಕ್ಕೆ ಕರೆಯುವ ಒಂದು ದೆವ್ವದ ಅಜ್ಜಿ. ತೆರೆಯ ಮೇಲೆ ಯಾರೋ ನಟಿ, ದನಿ ಅತ್ತೆಯದು. ಮೊದಲ ಭಾಗದಲ್ಲಿ ಆ ಅಜ್ಜಿ ಒಳ್ಳೆಯವಳು. ಅವಳು ಕರೆದ ಮಕ್ಕಳು ಬಾವಿಗೆ ಬೀಳದೆ, ಹಾವು ತುಳಿಯದೆ ಮನೆ ಸೇರುತ್ತಿದ್ದರು. ನಡುವಯಸ್ಸಿನ ಗಂಡಸರು 'ನಮ್ಮಜ್ಜೀನೂ ಹೀಗೇ ಕರೀತಿದ್ರು' ಎಂದು ಬರೆದು ಅತ್ತರು.

ಮೈದುನನಿಗೆ ಬಟ್ಟೆಯ ಮೇಲೆ ಅಚ್ಚು ಹಾಕುವ ಅಂಗಡಿಯಲ್ಲಿ ಪಾಲಿತ್ತು. 'ಒಳಗ್ ಬಾರೋ' ಎಂಬ ಟೀಶರ್ಟು ಮಾಡಿ ಮಾರಿದ. ಅಭಿಮಾನಿಗಳ ಆನ್‌ಲೈನ್ ಗುಂಪಿನಲ್ಲಿ ಅಮ್ಮ ಮತ್ತು ಅಣ್ಣನ ಫೋಟೊ ಹಾಕಿ 'ದನಿ ಇವರದು, ನಿಜವಾದ ಗುಂಡು ಇವನೇ' ಎಂದು ಹೆಮ್ಮೆಯಿಂದ ಬರೆದ. ಮರುವರ್ಷ ಅಣ್ಣ ಕೆಲಸಕ್ಕೆ ಹೋಗುವಾಗ ಬಸ್ ನಿಲ್ದಾಣದಲ್ಲಿ ಕುಸಿದುಬಿದ್ದು ತೀರಿಕೊಂಡ. ಮೈದುನ ಅದನ್ನೂ ಅಲ್ಲೇ ಬರೆದ. ಅಳುವ ಮುಖಗಳು ರಾಶಿ ಬಿದ್ದವು.

ಸೊಸೆ ಅವನ್ನು ನೋಡಲಿಲ್ಲ. ಅವಳು ಕನ್ನಡಕದ ಅಂಗಡಿಯ ಕೆಲಸಕ್ಕೆ ಮರಳಿದಳು. ಕತ್ತಲ ಕೋಣೆಯಲ್ಲಿ ಕುಳಿತವರ ಕಣ್ಣ ಮುಂದೆ ಗಾಜು ಬದಲಿಸಿ, "ಈಗ ಚೆನ್ನಾಗಿದೆಯಾ, ಮೊದಲು ಚೆನ್ನಾಗಿತ್ತಾ?" ಎಂದು ಕೇಳುವುದು ಅವಳ ಕೆಲಸ.

ಈಗ ಎರಡನೇ ಭಾಗ ಬಂದಿತ್ತು. ಕೂಗು ಅದೇ, ಹಳೆಯದನ್ನೇ ಮತ್ತೆ ಬಳಸಿದ್ದರು. ಆದರೆ ಕಥೆ ತಿರುಗಿತ್ತು. ಅಜ್ಜಿ ಮಕ್ಕಳನ್ನು ಉಳಿಸಿದ್ದು ತನಗೆ ಬೇಕೆಂದು. ಅವಳು ಯಾರ ಹೆಸರು ಹಿಡಿದು ಕರೆದಳೋ ಅವರೆಲ್ಲ ಸಾಯುವವರು. ತೆರೆಯ ಮೇಲಿನ ಗುಂಡು ಬಾಗಿಲಲ್ಲಿ ನಿಂತು 'ಬಂದೆ ಅಜ್ಜೀ' ಎಂದ; ದೀಪ ಆರಿತು.

ಮಾವ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಟಿವಿ ಆರಿಸಿದರು.

"ಅಜ್ಜೀ, ನೀನು ಕೆಟ್ಟೋಳಾ?" ಬಟಾಣಿ ಕೇಳಿದಳು.

"ನಾನ್ಯಾಕೆ? ಆ ಟಿವಿಯೋಳು," ಎಂದರು ಅತ್ತೆ. "ಒಂದು ಸಲ ಕೂಗಿಸ್ಕೊಂಡು ಎರಡು ಸಲ ಹಾಕಿದಾರಲ್ಲ, ಕಳ್ಳರು. ತಗೋ, ಮೊಟ್ಟೆ ತಿನ್ನು."

ಬಟಾಣಿ ತಟ್ಟೆಯನ್ನು ನೋಡಿದಳು. ಸೊಸೆ ಒಂದು ಮೊಟ್ಟೆ ತೆಗೆದು ಮಗಳ ಕೈಗಿಟ್ಟಳು. ಅಮ್ಮನ ಕೈಯಿಂದ ಬಂದದ್ದನ್ನು ಅವಳು ತಿಂದಳು.

*

ಮೊದಲ ವಾರ ಅದು ತಮಾಷೆಯಾಗಿಯೇ ಇತ್ತು. ಬೆಳಿಗ್ಗೆ ಮೈದುನ ಬ್ರೆಡ್ಡು ಅಗಿಯುತ್ತ ಫೋನು ನೋಡಿ ಓದುತ್ತಿದ್ದ.

"'ನಮ್ಮ ಬಾಲ್ಯಕ್ಕೇ ವಿಷ ಹಾಕಿದ್ರಿ' ಅಂತಾನೆ ಒಬ್ಬ. ಇನ್ನೊಬ್ಳು, 'ಇನ್ಮೇಲೆ ನಮ್ಮಜ್ಜೀನ ನೆನೆಸ್ಕೊಳ್ಳೋಕೂ ಭಯ' ಅಂತೆ. ಇನ್ನರ್ಧ ಜನ, 'ಆಹಾ, ಮೈ ಜುಂ ಅಂತು.'"

"ಮಾಡೋಕೆ ಕೆಲ್ಸ ಇಲ್ಲ," ಎಂದರು ಮಾವ.

"ಅವರಿಗಿಲ್ಲ, ನನಗಿದೆ. 'ನನ್ನ ಹೆಸರು ಕರೀಬೇಡ' ಅಂತ ಹೊಸ ಟೀಶರ್ಟು. ಅಚ್ಚು ಹಾಕಿ ಹಾಕಿ ಕೈ ಬಿದ್ದೋಯ್ತು."

"ನಾನು ಕರೆದ್ರೂ ನೀನು ಊಟಕ್ಕೆ ಬರಲ್ಲ, ಕರೀದಿದ್ರೂ ಬರಲ್ಲ. ನಿಂಗ್ಯಾಕೆ ಭಯ?" ಎಂದು ಅತ್ತೆ ನಕ್ಕರು.

ಅತ್ತೆ ಹತ್ತಿರದ ಪ್ರೆಸ್ಸಿನ ಕೆಲಸಗಾರರಿಗೆ ಮಧ್ಯಾಹ್ನದ ಊಟದ ಡಬ್ಬಿ ಕಳಿಸುತ್ತಿದ್ದರು. ಗೇಟಿನ ಬಳಿ 'ಮನೆ ಊಟ ಸಿಗುತ್ತದೆ' ಎಂಬ ಬೋರ್ಡು, ಅದರ ಕೆಳಗೆ ಫೋನ್ ನಂಬರು. ಮೈದುನ ಹಾಕಿದ್ದ ಫೋಟೊದಲ್ಲಿ ಅಮ್ಮ ಮತ್ತು ಅಣ್ಣನ ಹಿಂದೆ ಆ ಬೋರ್ಡು ಸ್ಪಷ್ಟವಾಗಿ ಕಾಣುತ್ತಿತ್ತು. ಅದು ಯಾರಿಗೂ ಹೊಳೆದಿರಲಿಲ್ಲ. ಫೋನು ಬರತೊಡಗಿದ ಮೇಲೆ ಹೊಳೆಯಿತು.

ಮೊದಲು ಫೋನು ಮಾಡಿದವರು ಕಾಲೇಜಿನ ಹುಡುಗರು. "ಅಜ್ಜೀ, ನಮ್ಮ ಲೆಕ್ಕದ ಮೇಷ್ಟ್ರ ಹೆಸರು ಒಂದ್ಸಲ ಕರೀರಿ. ನಾಳೆ ಪರೀಕ್ಷೆ."

"ಓದ್ಕೊಳ್ರೋ ಕಳ್ಳರಾ," ಎಂದು ಅತ್ತೆ ಫೋನಿಟ್ಟು, ದಿನವಿಡೀ ಅದನ್ನು ಹೇಳಿಕೊಂಡು ನಕ್ಕರು.

ಆಮೇಲೆ ಒಬ್ಬಳು ಹೆಂಗಸು. ಅವಳ ಉಸಿರು ಮಾತಿಗಿಂತ ಜೋರಾಗಿ ಕೇಳುತ್ತಿತ್ತು. "ನಮ್ಮ ಪಾಪೂನೂ ಗುಂಡೂಂತಲೇ ಕರಿಯೋದು. ಟಿವಿಯಲ್ಲಿ ನೀವು ಕರೆದಾಗ ಅವನು 'ಬಂದೆ' ಅಂದ್ಬಿಟ್ಟ. ವಾಪಸ್ ತಗೊಳ್ಳಿ."

"ಏನು ತಗೊಳ್ಳಲಮ್ಮ?"

"ಕರೆದಿದ್ದನ್ನ."

ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. "ಅದು ಕಥೆ ತಾಯಿ. ನಂಗೂ ಮೊಮ್ಮಗು ಇದೆ."

"ನಂಗೊತ್ತು ಕಥೆ ಅಂತ. ಆದ್ರೂ ತಗೊಳ್ಳಿ. ನಿಮ್ಮ ಕಾಲು ಹಿಡೀತೀನಿ."

"ಆಯ್ತು," ಎಂದರು ಅತ್ತೆ. "ತಗೊಂಡೆ."

ಫೋನಿಟ್ಟ ಮೇಲೆ ಅವರು ಬಹಳ ಹೊತ್ತು ಸ್ಟೂಲಿನ ಮೇಲೆ ಕುಳಿತಿದ್ದರು. ಬೇಳೆ ತಳ ಹಿಡಿದ ವಾಸನೆ ಬಂದಾಗ ಸೊಸೆ ಹೋಗಿ ಒಲೆ ಆರಿಸಿದಳು.

ರಜೆಯ ದಿನ ಇಬ್ಬರೂ ಹಿಟ್ಟು ನಾದುತ್ತಿದ್ದರು. ಕೈ ಹಿಟ್ಟಾಗಿದ್ದರಿಂದ ಅತ್ತೆ ಫೋನನ್ನು ಸ್ಪೀಕರಿಗೆ ಹಾಕಿದರು. ಗಂಡಸಿನ ದನಿ, ಬಹಳ ಮರ್ಯಾದೆಯದು.

"ಊಟದ ಅಮ್ಮನವರಾ? ಒಂದು ವಿಷಯ ತಿಳ್ಕೊಬೇಕಿತ್ತು. ಮೊದಲು ನೀವು ಸ್ವಂತ ಮಗನ್ನೇ ಕರೆದ್ರಂತಲ್ಲ. ಕರೆದು ಎಷ್ಟು ದಿನಕ್ಕೆ ಹೋದ್ರು ಅವರು?"

ತರಕಾರಿಯ ದರ ಕೇಳಿದ ಹಾಗೆ ಕೇಳಿದ. ಸೊಸೆ ಹಿಟ್ಟಿನ ಬೆರಳಲ್ಲೇ ಫೋನು ಕಟ್ ಮಾಡಿದಳು. ಅತ್ತೆ ನಾದುವುದನ್ನು ನಿಲ್ಲಿಸಲಿಲ್ಲ. ಹಿಟ್ಟು ಹದಕ್ಕೆ ಬಂದು ಹದ ಮೀರಿದರೂ ನಾದುತ್ತಲೇ ಇದ್ದರು.

"ಅತ್ತೆ, ಸಾಕು."

"ಯಾರು ಹೇಳಿದ್ರು ಇವನಿಗೆ?"

ಸಂಜೆ ಮೈದುನ ಫೋಟೊ ಅಳಿಸಿದ. ಪ್ರಯೋಜನವಾಗಲಿಲ್ಲ. ಅದು ನೂರಾರು ಫೋನುಗಳಿಗೆ ಹೋಗಿತ್ತು. ಯಾರೋ ಗುಂಡುವಿನ ಮುಖಕ್ಕೆ ಕೆಂಪು ವೃತ್ತ ಎಳೆದು, ಹಿಂದೆ ಅತ್ತೆಯ ಕೂಗು ಸೇರಿಸಿ ವಿಡಿಯೊ ಮಾಡಿದ್ದರು. ಕೊನೆಯಲ್ಲಿ ಗುಂಡು ಸತ್ತ ಸುದ್ದಿ ಬರುತ್ತಿತ್ತು. ಮೈದುನ ತಾನೇ ಬರೆದಿದ್ದ ಮಾತುಗಳು, ಒಂದಕ್ಷರವೂ ಬದಲಾಗದೆ.

*

ಬಟಾಣಿ ಶಾಲೆಯಿಂದ ಬಂದು ಚೀಲ ಬಿಸಾಡಿದಳು.

"ನನ್ನ ಪಕ್ಕ ಯಾರೂ ಕೂರಲ್ವಂತೆ. ನಮ್ಮನೇಲಿ ಕ್ವಾರ್ಟರ್ಸ್ ಅಜ್ಜಿ ಇದಾಳಂತೆ."

"ಇದಾಳೆ ಅನ್ನು," ಎಂದರು ಮಾವ. "ನಾಳೆ ತಿಂಡಿ ಮಾಡಿ ಕಳಿಸ್ತಾಳೆ, ತಿಂದು ನೋಡ್ಲಿ ಅನ್ನು."

"ತಿಂದ್ರೆ ಸಾಯ್ತಾರಂತೆ ತಾತ."

ರಾತ್ರಿ ಊಟಕ್ಕೆ ತಟ್ಟೆ ಹಾಕಿ ಅತ್ತೆ ಎಂದಿನಂತೆ ಕೂಗಿದರು. "ಬಟಾಣೀ, ಊಟ!" ಉತ್ತರವಿಲ್ಲ. ಮತ್ತೆ ಕೂಗಿದರು. ಸೊಸೆ ಹುಡುಕುತ್ತ ಹೋದಳು. ಮಗು ಮಂಚದ ಕೆಳಗೆ, ಗೋಡೆಗೆ ಅಂಟಿಕೊಂಡು, ಎರಡು ಕಿವಿಗೂ ಬೆರಳಿಟ್ಟುಕೊಂಡು ಮಲಗಿತ್ತು. ಚಡ್ಡಿ ಒದ್ದೆಯಾಗಿತ್ತು.

ಅಂದಿನಿಂದ ಅತ್ತೆ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ. ಸೌಟಿನಿಂದ ತಟ್ಟೆಯ ಅಂಚಿಗೆ ಟಣ್ ಟಣ್ ಎಂದು ಬಡಿಯುತ್ತಿದ್ದರು.

"ಏನೇ ಇದು, ಜೈಲಿನ ಗಂಟೆ ಥರ?" ಎಂದರು ಮಾವ.

"ನಿಮ್ಮ ಕಿವಿಗೂ ಬೀಳುತ್ತಲ್ಲ. ಎದ್ದು ಬನ್ನಿ."

ಪ್ರೆಸ್ಸಿನಿಂದ ಡಬ್ಬಿಗಳು ಒಂದೊಂದಾಗಿ ನಿಂತವು. ಯಾರೂ ಕಾರಣ ಹೇಳಲಿಲ್ಲ. ಬೈಂಡಿಂಗಿನವನೊಬ್ಬ ಮಾತ್ರ ಖಾಲಿ ಡಬ್ಬಿ ವಾಪಸ್ ಕೊಡಲು ತಾನೇ ಬಂದ. "ತಪ್ಪು ತಿಳ್ಕೊಬೇಡಿ ಅಮ್ಮ. ಹೆಂಡ್ತಿ ಬಸುರಿ. ನಂಗೇನೂ ನಂಬಿಕೆ ಇಲ್ಲ, ಅವಳು ಕೇಳ್ತಿಲ್ಲ," ಎಂದ. ಎರಡು ಮೆಟ್ಟಿಲು ಇಳಿದವನು ತಿರುಗಿ ನಿಂತ. "ಅಮ್ಮ, ನನ್ನ ಹೆಸರು ನಿಮಗೆ ಗೊತ್ತಿಲ್ಲ ಅಲ್ವಾ?"

"ಇಲ್ಲಪ್ಪ," ಎಂದರು ಅತ್ತೆ. ಗೊತ್ತಿತ್ತು.

ಅಂದು ರಾತ್ರಿ ಮೈದುನ ಟೀಶರ್ಟಿನ ಕಟ್ಟು ಹೊತ್ತು ತಂದು ನಡುಮನೆಯಲ್ಲಿಟ್ಟ. ಅಂಗಡಿಯಲ್ಲಿ ಜಾಗವಿರಲಿಲ್ಲ. ಮೇಲಿನದರಲ್ಲಿ ಬೆಳ್ಳಗಿನ ಅಕ್ಷರ: ನನ್ನ ಹೆಸರು ಕರೀಬೇಡ.

"ಹೊರಗೆ ಹಾಕೋ ಅದನ್ನ," ಎಂದರು ಮಾವ.

"ಒಂದೇ ರಾತ್ರಿ ಅಪ್ಪ. ಬೆಳಿಗ್ಗೆ ಕಳಿಸ್ತೀನಿ."

"ಅಮ್ಮನ್ನ ಬೀದಿಗೆಳೆದು ಅಂಗಿ ಮಾರ್ತೀಯಾ? ನಾಚಿಕೆ ಆಗಲ್ವಾ?"

"ಡಬ್ಬಿ ನಿಂತೋಯ್ತು. ನಿಮ್ಮ ಸೋಫಾ ಹೊಲಿಗೇಲಿ ಏನು ಬರುತ್ತೆ? ಅತ್ತಿಗೆ ಸಂಬಳ ಬಾಡಿಗೆಗೆ ಹೋಗುತ್ತೆ. ಇದೂ ಬೇಡ ಅಂದ್ರೆ ಎಲ್ಲರೂ ಗಾಳಿ ತಿನ್ನೋಣ."

"ನಿನ್ನ ಫೋಟೊ, ನಿನ್ನ ಬಡಾಯಿ. ನೀನು ಸುಮ್ನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ನಾನು ಹಾಕಿದಾಗ ಅಣ್ಣಾನೇ ಪಕ್ಕದಲ್ಲಿ ಕೂತು ನಕ್ಕಿದ್ದ! ಇನ್ನೊಂದು ಹಾಕೋ, ಇದ್ರಲ್ಲಿ ಕಡ್ಡಿ ಥರ ಕಾಣ್ತೀನಿ ಅಂದ. ಅವನೇನು ಸಾಯ್ತೀನಿ ಅಂತ..."

"ಅವನನ್ನ ಬೈಬೇಡ," ಎಂದರು ಅತ್ತೆ. ಅವರು ಪಾತ್ರೆ ತೊಳೆಯುತ್ತಿದ್ದವರು ಬಂದು ನಿಂತಿದ್ದರು. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಯಾರನ್ನೂ ಬೈಬೇಡಿ. ನಾನೇ ಕರೆದದ್ದು."

"ಮೈಕಿಗೆ ಕರೆದೆ. ಎಲ್ಲರಿಗೂ ಗೊತ್ತು," ಎಂದರು ಮಾವ.

"ಅದಲ್ಲ. ಅವತ್ತು ಬೆಳಿಗ್ಗೆ. ಡಬ್ಬಿ ಬಿಟ್ಟು ಹೋಗಿದ್ದ. ಗೇಟು ದಾಟಿದ್ದ. ಬಾಲ್ಕನಿಯಿಂದ ಕೂಗ್ದೆ, ಗುಂಡೂ ಬಾರೋ ಅಂತ. 'ಬಂದೆ' ಅಂದ. ಬಂದು ತಗೊಂಡು ಹೋದ." ಅವರು ಕೈಯನ್ನು ಒರೆಸಿಕೊಳ್ಳಲಿಲ್ಲ. "ಆಮೇಲೆ ಬಸ್ ಸ್ಟಾಪ್‌ನಲ್ಲಿ ಬಿದ್ದ."

ಸೊಸೆಗೆ ಆ ಡಬ್ಬಿ ನೆನಪಿತ್ತು. ಆಸ್ಪತ್ರೆಯವರು ಅದನ್ನು ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಮುಚ್ಚಳ ತೆಗೆಯದೆ ಕೊಟ್ಟಿದ್ದರು.

"ಅತ್ತೆ," ಎಂದಳು. "ತಲೆಯೊಳಗೆ ರಕ್ತನಾಳ ಒಡೆದಿತ್ತು. ಹುಟ್ಟಿನಿಂದಲೇ ಆ ನಾಳ ತೆಳ್ಳಗಿತ್ತು ಅಂದ್ರು ಡಾಕ್ಟ್ರು. ನೀವು ಕರೀದಿದ್ರೂ ಒಡೀತಿತ್ತು."

"ಕರೀದಿದ್ರೆ ಏನಾಗ್ತಿತ್ತು ಅಂತ ನಿಂಗೆ ಹೇಗೆ ಗೊತ್ತು?"

ಮೈದುನ ಕಟ್ಟನ್ನು ಹೊತ್ತು ಕೆಳಗಿಳಿದ.

*

ಅತ್ತೆ ಎಲ್ಲರ ಹೆಸರನ್ನೂ ಬಿಟ್ಟುಬಿಟ್ಟರು. ಸೊಸೆಗೆ "ಇಲ್ನೋಡು." ಮಗನಿಗೆ ಚಿಟಿಕೆ. ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟರು. ಬಾಲ್ಕನಿಗೆ ಬಟ್ಟೆ ಒಣಗಿಸಲು ಮಾತ್ರ ಹೋಗುತ್ತಿದ್ದರು. ಕೆಳಗೆ ಯಾರಾದರೂ ತಲೆಯೆತ್ತಿ ನೋಡಿದರೆ ಸರಕ್ಕನೆ ಒಳಗೆ ಬರುತ್ತಿದ್ದರು. ಗೇಟಿನ ಹೊರಗೆ ಆಗಾಗ ಗುಂಪು ನಿಲ್ಲುತ್ತಿತ್ತು. ಒಬ್ಬನನ್ನು ಮುಂದಕ್ಕೆ ತಳ್ಳಿ, ಅವನ ಹೆಸರು ಕೂಗಿ, ಎಲ್ಲರೂ ನಗುತ್ತ ಓಡುತ್ತಿದ್ದರು. ಒಂದು ಬೆಳಿಗ್ಗೆ ಬೋರ್ಡಿನ ಮೇಲೆ 'ಊಟ' ಎಂಬುದನ್ನು ಹೊಡೆದು 'ಸಾವು' ಎಂದು ಬರೆದಿದ್ದರು. ಮಾವ ಬೋರ್ಡನ್ನೇ ಕಿತ್ತು ತಂದು ಮಂಚದ ಕೆಳಗಿಟ್ಟರು.

ಬಟಾಣಿ ಮಾತ್ರ ಮೆಲ್ಲಗೆ ಸರಿಹೋಗುತ್ತಿದ್ದಳು. ಹೆಸರು ಹಿಡಿದು ಕರೆಯದ ಅಜ್ಜಿಯ ಬಗ್ಗೆ ಅವಳಿಗೆ ಭಯ ಕಡಿಮೆಯಾಗಿತ್ತು. ಸೌಟಿನ ಸದ್ದಿಗೆ ಬರುತ್ತಿದ್ದಳು. ಒಂದು ದಿನ ಅಜ್ಜಿಯ ಕೈಯಿಂದಲೇ ತುತ್ತು ತಿಂದಳು. ಅತ್ತೆ ಆ ದಿನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತರು.

ಭಾನುವಾರ ಮಧ್ಯಾಹ್ನ. ಅಂಗಳದ ಆಚೆ ಬದಿಗೆ ಫರ್ನಿಚರ್ ಗೋಡೌನು. ಮಾವ ಅಲ್ಲೇ ಸೋಫಾದ ಬಟ್ಟೆ ಹೊಲಿಯುವುದು. ಲಾರಿಯೊಂದು ಹಾಸಿಗೆಗಳನ್ನು ತುಂಬಿಕೊಳ್ಳಲು ಹಿಂದಕ್ಕೆ ಬರುತ್ತಿತ್ತು. ಸೊಸೆ ಬ್ರೆಡ್ಡು ತೆಗೆದುಕೊಂಡು ಗೇಟಿನೊಳಗೆ ಕಾಲಿಟ್ಟಳು. ಅಭ್ಯಾಸದಂತೆ ತಲೆಯೆತ್ತಿ ಬಾಲ್ಕನಿ ನೋಡಿದಳು.

ಅತ್ತೆ ಅಲ್ಲಿ ನಿಂತಿದ್ದರು. ಒದ್ದೆ ಟವೆಲನ್ನು ಮುದ್ದೆ ಮಾಡಿ ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು. ಕಣ್ಣು ಕಿತ್ತುಬರುವಂತೆ ಕೆಳಗೆ ನೋಡುತ್ತಿದ್ದರು. ಒಂದು ಕೈ ಕಂಬಿಯನ್ನು ಗುದ್ದುತ್ತಿತ್ತು.

ಅವರು ನೋಡುತ್ತಿದ್ದ ಕಡೆ ಸೊಸೆ ತಿರುಗಿದಳು. ಲಾರಿ ಮಾತ್ರ ಕಂಡಿತು. ಲಾರಿಯ ಹಿಂದೆ ಏನಿದೆ ಎಂಬುದು ಮೇಲಿನಿಂದ ಮಾತ್ರ ಕಾಣುವಂಥದು. ಅಷ್ಟರಲ್ಲಿ ಹಾಸಿಗೆ ಹೊತ್ತವನೊಬ್ಬ ಹಾಸಿಗೆ ಬಿಸಾಡಿ "ಏಯ್! ಏಯ್! ನಿಲ್ಸೋ!" ಎಂದು ಅರಚಿದ.

ಬಟಾಣಿ ಚಕ್ರದ ಹತ್ತಿರ ಉರುಳಿದ್ದ ಚೆಂಡು ತೆಗೆಯಲು ಕುಕ್ಕರಗಾಲಲ್ಲಿ ಕೂತಿದ್ದಳು. ಲಾರಿಯ ಹಿಂದಿನ ಬಂಪರು ಅವಳನ್ನು ತಳ್ಳಿ ಬೀಳಿಸಿತ್ತು. ಚಕ್ರ ಅವಳ ಕೂದಲಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಕೈ ಮುರಿದಿತ್ತು.

*

ಆಸ್ಪತ್ರೆಯಿಂದ ಬಂದಾಗ ಸಂಜೆಯಾಗಿತ್ತು. ಮೈದುನ ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದ. ಬಿಳಿಯ ಪ್ಲಾಸ್ಟರಿನ ಕೈ ಅವನ ಬೆನ್ನ ಮೇಲಿತ್ತು. ಮಗುವನ್ನು ಮಲಗಿಸಿದ ಮೇಲೆ ಸೊಸೆ ಅಡುಗೆಮನೆಗೆ ಹೋದಳು. ಅತ್ತೆ ಅನ್ನ ಮಾಡಿಟ್ಟಿದ್ದರು.

"ಯಾಕೆ ಕೂಗಲಿಲ್ಲ?"

ಅತ್ತೆ ತಟ್ಟೆಗಳನ್ನು ಸಾಲಾಗಿ ಇಟ್ಟರು.

"ನೀವು ನೋಡ್ತಾ ಇದ್ರಿ. ಒಂದು ಮಾತು. ಬಟಾಣಿ ಅಂದಿದ್ರೆ ಸಾಕಾಗಿತ್ತು."

"ಕೂಗಲಿಲ್ಲ," ಎಂದರು ಅತ್ತೆ. "ಅದಕ್ಕೇ ಉಳಿದಳು."

"ಏನಂದ್ರಿ?"

"ಬಾಯಿಗೆ ಬಂದಿತ್ತು. ಹೆಸರು ನಾಲಿಗೆ ತುದೀಲಿತ್ತು. ಟವೆಲ್ ಕಚ್ಕೊಂಡೆ. ನೋಡು, ಹಲ್ಲು ಅಲ್ಲಾಡ್ತಿದೆ. ಕಚ್ಕೊಂಡೆ, ಲಾರಿ ನಿಂತಿತು."

"ಲಾರಿ ನಿಲ್ಸಿದ್ದು ಆ ಹಾಸಿಗೆ ಹೊರೋರು!"

"ಅವರಿಗೆ ಅವಳ ಹೆಸರು ಗೊತ್ತಿರಲಿಲ್ಲ," ಎಂದರು ಅತ್ತೆ, ಮಗುವಿಗೆ ಪಾಠ ಹೇಳುವ ಹಾಗೆ.

ಸೊಸೆ ಒಲೆಯ ಕಡೆ ನೋಡಿದಳು. ಮುಂದೆ ಗ್ಯಾಸು ಹೊತ್ತಿಕೊಂಡರೂ, ಮಗು ಕಂಬಿಯ ಮೇಲೆ ಹತ್ತಿದರೂ ಈ ಹೆಂಗಸು ಬಾಯಿ ಬಿಡುವುದಿಲ್ಲ. ಶಾಲೆ ಬಿಟ್ಟ ಮೇಲೆ ಮಗುವಿನೊಡನೆ ಇರುವವರು ಇವರೊಬ್ಬರೇ. ಬೇರೆ ಯಾರೂ ಇಲ್ಲ.

"ನನ್ನ ಕರೀರಿ," ಎಂದಳು.

"ಏನು?"

"ನನ್ನ ಹೆಸರು ಹಿಡಿದು ಕರೀರಿ, ಅವತ್ತು ಮೈಕಿಗೆ ಕರೆದ ಹಾಗೆ. ನಾನು ಕೆಳಗೆ ಅಂಗಳದಲ್ಲಿ ನಿಲ್ತೀನಿ. ನಂಗೇನೂ ಆಗಲ್ಲ. ಆಮೇಲೆ ನೀವು ಬಟಾಣೀನೂ ಕರೀಬೇಕು."

ಮಾವ ಬಾಗಿಲಿಗೆ ಬಂದರು. "ಬೇಡಮ್ಮ."

"ಮಾವ, ನೀವೇ ತಾನೇ ಇದೆಲ್ಲ ಕೆಲಸ ಇಲ್ಲದೋರ ಮಾತು ಅಂದಿದ್ದು?"

"ಅಂದಿದ್ದೆ. ಈಗ ಬೇಡ."

"ಅತ್ತಿಗೆ, ಬಿಡಿ," ಎಂದ ಮೈದುನ.

"ನೀನು ನಂಬ್ತೀಯಾ?"

"ಇಲ್ಲ."

"ಮತ್ತೆ?"

"ಆದ್ರೂ ಬೇಡ."

ಸೊಸೆ ಚಪ್ಪಲಿ ಮೆಟ್ಟಿ ಇಳಿದಳು. ಅಂಗಳದಲ್ಲಿ ಲಾರಿಯ ಗುರುತು ಇನ್ನೂ ಇತ್ತು. ಬಾಲ್ಕನಿಯ ಕೆಳಗೆ ನಿಂತು ಮೇಲೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಒಳಗೆ ಮಾವನ ದನಿ ಏರಿತು, ಇಳಿಯಿತು. ದೀಪಗಳು ಒಂದೊಂದಾಗಿ ಹತ್ತಿಕೊಂಡವು. ಅವಳು ಅಲ್ಲಿಂದ ಕದಲಲಿಲ್ಲ.

ಕೊನೆಗೆ ಅತ್ತೆ ಬಂದರು. ಕಂಬಿಯನ್ನು ಹಿಡಿದುಕೊಂಡರು. ಬಾಯಿ ತೆರೆದರು, ಮುಚ್ಚಿದರು.

"ಕರೀರಿ ಅತ್ತೆ. ಚಳಿ ಆಗ್ತಿದೆ."

ಅತ್ತೆ ಅವಳ ಹೆಸರು ಕೂಗಿದರು. ಉದ್ದಕ್ಕೆ ಎಳೆದು, ಕೊನೆಯಲ್ಲಿ ಮೇಲಕ್ಕೆತ್ತಿ, ಗುಂಡುವನ್ನು ಕೂಗುತ್ತಿದ್ದ ಹಾಗೆಯೇ. "ಕತ್ತಲಾಯ್ತು, ಒಳಗ್ ಬಾರೇ..."

ಎದುರಿನ ಕಿಟಕಿಯೊಂದು ಪಟ್ಟನೆ ಮುಚ್ಚಿಕೊಂಡಿತು.

"ಬಂದೆ," ಎಂದಳು ಸೊಸೆ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಹತ್ತಿದಳು.

*

ಮರುದಿನ ಅವಳು ಕೆಲಸದಿಂದ ಸರಿಯಾಗಿಯೇ ಮರಳಿದಳು. ಅದರ ಮರುದಿನವೂ.

"ನೋಡಿದ್ರಾ?" ಎಂದಳು. "ಈಗ ಕರೀರಿ ಅವಳನ್ನ."

ಅತ್ತೆ ಮಗನ ಕಡೆ ತಿರುಗಿದರು. "ಏನೋ, ಆ ಟಿವಿ ಕಥೇಲಿ ಕರೆದು ಎಷ್ಟು ದಿನಕ್ಕೆ ಹೋಗ್ತಾರೆ?"

ಮೈದುನ ಸೊಸೆಯ ಮುಖ ನೋಡಿದ. ಸುಳ್ಳು ಹೇಳಬೇಕೆಂದು ಅವನಿಗೆ ತಿಳಿಯುವಷ್ಟರಲ್ಲಿ ನಿಜ ಬಂದುಬಿಟ್ಟಿತ್ತು. "ಹಾಗೆ ಗಡುವೇನೂ ಇಲ್ಲಮ್ಮ. ಒಬ್ಬ ಆ ರಾತ್ರೀನೇ ಹೋಗ್ತಾನೆ. ಒಬ್ಬ ದೊಡ್ಡೋನಾಗಿ, ಮದುವೆ ಆಗಿ..."

"ಹೂಂ," ಎಂದರು ಅತ್ತೆ.

ಗಡುವಿಲ್ಲ ಎಂದಮೇಲೆ ಕಾಯುವುದಕ್ಕೂ ಕೊನೆಯಿಲ್ಲ. ಅತ್ತೆ ಸೊಸೆಯ ತಟ್ಟೆಗೆ ದಿನವೂ ಒಂದು ಮೊಟ್ಟೆ ಹೆಚ್ಚು ಹಾಕತೊಡಗಿದರು. ಅವಳು ಕೆಮ್ಮಿದರೆ ಕೈಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಮಾವ ಬೆಳಿಗ್ಗೆ "ದಾರ ಮುಗಿದಿದೆ, ತರ್ಬೇಕು" ಎಂದು ಅವಳ ಹಿಂದೆಯೇ ಬಸ್ ನಿಲ್ದಾಣದವರೆಗೆ ಬರುತ್ತಿದ್ದರು. ಬಸ್ಸು ಹೊರಟ ಮೇಲೆ ದಾರ ತರದೆ ಮರಳುತ್ತಿದ್ದರು. ಮೈದುನ ಮಧ್ಯಾಹ್ನ ಅಂಗಡಿಗೆ ಫೋನು ಮಾಡಿ, "ಸುಮ್ನೆ ಮಾಡ್ದೆ ಅತ್ತಿಗೆ. ಊಟ ಆಯ್ತಾ?" ಎನ್ನುತ್ತಿದ್ದ. ಇದುವರೆಗೆ ಒಮ್ಮೆಯೂ ಅವಳ ಊಟ ವಿಚಾರಿಸಿದವನಲ್ಲ.

ಕತ್ತಲ ಕೋಣೆಯಲ್ಲಿ ಒಬ್ಬರು ಮುದುಕರ ಕಣ್ಣಿಗೆ ಗಾಜು ಇಡುವಾಗ ಸೊಸೆಯ ತಲೆಯ ಎಡಬದಿಯಲ್ಲಿ ಸಣ್ಣಗೆ ನೋವು ಬಂತು. ಹಸಿವಿನ ತಲೆನೋವು. ಅವಳಿಗೆ ಗೊತ್ತಿತ್ತು ಅದು ಹಸಿವಿನದೆಂದು. ಆದರೂ ಕೈ ಗೋಡೆ ಹುಡುಕಿತು.

"ಏನಮ್ಮ, ನಿಲ್ಲಿಸಿಬಿಟ್ಟೆ?" ಎಂದರು ಮುದುಕರು.

"ಏನಿಲ್ಲ. ಈಗ ಚೆನ್ನಾಗಿದೆಯಾ, ಮೊದಲು ಚೆನ್ನಾಗಿತ್ತಾ?"

"ಎರಡೂ ಒಂದೇ ಥರ ಇದೆ."

ಅಂದು ಬಸ್ಸು ಕೆಟ್ಟು ಅರ್ಧ ದಾರಿ ನಡೆದು ಬಂದಳು. ರಸ್ತೆ ದಾಟುವಾಗ ಎರಡು ಸಲ ಹಿಂದಕ್ಕೆ ಸರಿದಳು. ಮನೆ ತಲುಪಿದಾಗ ಎಂದಿಗಿಂತ ತಡವಾಗಿತ್ತು. ಮೆಟ್ಟಿಲ ಕೊನೆಯ ತಿರುವಿನಲ್ಲಿ ಮಗಳ ಮಾತು ಕೇಳಿ ನಿಂತಳು. ಬಾಗಿಲು ತೆರೆದೇ ಇತ್ತು. ಬಟಾಣಿ ಅಜ್ಜಿಯ ಮುಂದೆ ನೆಲದ ಮೇಲೆ ಕುಳಿತಿದ್ದಳು. ಪ್ಲಾಸ್ಟರಿನ ಕೈ ಅಜ್ಜಿಯ ಮಂಡಿಯ ಮೇಲಿತ್ತು. ತಟ್ಟೆಯಲ್ಲಿ ಅನ್ನ ಆರಿಹೋಗಿತ್ತು.

"ಅಮ್ಮ ಇನ್ನೂ ಬಂದಿಲ್ಲ," ಎನ್ನುತ್ತಿದ್ದಳು.

"ಬರ್ತಾಳೆ. ಬಸ್ಸು ತಡ ಆಗಿರುತ್ತೆ. ತಿನ್ನು."

"ಅಮ್ಮ ಹೋಗ್ಬಿಟ್ಲಾ? ಅಪ್ಪನ ಥರ?"

"ಬರ್ತಾಳೆ ಅಂದ್ನಲ್ಲ."

"ಅಜ್ಜೀ, ನನ್ನನ್ನೂ ಕರಿ."

ಅತ್ತೆಯ ಕೈಯಲ್ಲಿನ ತುತ್ತು ಹಾಗೇ ನಿಂತಿತು.

"ಅಪ್ಪನ್ನ ಕರೆದೆ. ಅಮ್ಮನ್ನ ಕರೆದೆ. ನನ್ನೊಬ್ಬಳನ್ನೇ ಕರೀಲಿಲ್ಲ. ನಾನೊಬ್ಬಳೇ ಇಲ್ಲಿ ಇರಲ್ಲ. ನನ್ನನ್ನೂ ಕರಿ, ಅಮ್ಮನ ಜೊತೆ ಹೋಗ್ತೀನಿ. ಜೋರಾಗಿ ಕರೀಬೇಕು. ಬಾಲ್ಕನಿಗೆ ಬಾ."

ಅವಳು ಒಳ್ಳೆಯ ಕೈಯಿಂದ ಅಜ್ಜಿಯನ್ನು ಎಳೆದಳು. ಅತ್ತೆ ಎದ್ದರು. ಮಗು ಬೇಡಿದ್ದಕ್ಕೆ ಎದ್ದರೋ, ತಾವು ಸೋತು ಎದ್ದರೋ, ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. ಎಳೆದ ಕಡೆ ನಡೆದರು. ಕಂಬಿಯ ಹತ್ತಿರ ನಿಂತು ಎದೆ ತುಂಬ ಉಸಿರೆಳೆದುಕೊಂಡರು.

ಇದನ್ನೇ ಅಲ್ಲವೆ ಸೊಸೆ ಕೇಳಿದ್ದು, ಕರೀರಿ ಅವಳನ್ನ ಎಂದು. ಅವಳು ಬಾಗಿಲಲ್ಲೇ ಇದ್ದಳು. ಸುಮ್ಮನೆ ನಿಂತರಾಯಿತು.

ಚೀಲ ಯಾವಾಗ ಕೈಬಿಟ್ಟಿತೋ ಗೊತ್ತಿಲ್ಲ. ನಡುಮನೆ ದಾಟಿದ್ದು, ತಟ್ಟೆ ಕಾಲಿಗೆ ತಗುಲಿ ಉರುಳಿದ್ದು ಗೊತ್ತಿಲ್ಲ. ಅವಳ ಎಡಗೈ ಅತ್ತೆಯ ತಲೆಯ ಹಿಂಭಾಗವನ್ನು ಹಿಡಿದಿತ್ತು. ಬಲಗೈ ಬಾಯಿಯ ಮೇಲೆ ಬಿಗಿಯಾಗಿ ಒತ್ತಿತ್ತು. ಅಂಗೈಯೊಳಗೆ ಮಗಳ ಹೆಸರಿನ ಮೊದಲ ಅಕ್ಷರ ಬಿಸಿಯಾಗಿ ಒಡೆದು ಅಲ್ಲೇ ನಿಂತಿತು.

ಅತ್ತೆ ಕೊಸರಿಕೊಳ್ಳಲಿಲ್ಲ. ಬೆರಳುಗಳ ಮೇಲಿನಿಂದ ಸೊಸೆಯನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದಿಂದ ಒಬ್ಬರೇ ಕೂತಿದ್ದ ಕೋಣೆಗೆ ಇನ್ನೊಬ್ಬರು ಬಂದಾಗ ನೋಡುವ ಹಾಗೆ ನೋಡಿದರು.

ಮಾವ ಒಳಕೋಣೆಯಿಂದ ಬಂದವರು ಅಲ್ಲೇ ನಿಂತರು. ಕೈ ತೆಗೆಯಬೇಕೆಂದು ಸೊಸೆಗೆ ಗೊತ್ತಿತ್ತು. ತೆಗೆಯಲಾಗಲಿಲ್ಲ.

"ಅಮ್ಮಾ," ಎಂದಳು ಬಟಾಣಿ, ಅವಳ ಬಟ್ಟೆ ಹಿಡಿದು ಜಗ್ಗುತ್ತ. "ಬಿಡಮ್ಮ. ಅಜ್ಜಿಗೆ ಉಸಿರು ಕಟ್ಟುತ್ತೆ."